ಡೋಪ್ ಪರೀಕ್ಷೆ: ಮೊದಲ ರಾಷ್ಟ್ರೀಯ ಕೂಟಕ್ಕೆ ಹೊರಡುವ ಹಾಸನ, ಚಿಕ್ಕಮಗಳೂರಿನ ಕ್ರೀಡಾಪಟುಗಳು ತಿಳಿದಿರಬೇಕಾದದ್ದು

ಜಿಲ್ಲಾ ಕ್ರೀಡಾಂಗಣದಲ್ಲಿ ಓಡಿ, ತಾಲ್ಲೂಕು ಮಟ್ಟದ ಕಬಡ್ಡಿ, ವಾಲಿಬಾಲ್ ಆಡಿ ಬೆಳೆದ ಮಕ್ಕಳಿಗೆ ಡೋಪ್ ಪರೀಕ್ಷೆ ಎದುರಾಗುವುದು ಹೆಚ್ಚಾಗಿ ಹೀಗೆ: ಮೊದಲ ರಾಷ್ಟ್ರೀಯ ಕೂಟ, ಸ್ಪರ್ಧೆ ಆಗಷ್ಟೇ ಮುಗಿದಿದೆ, ಇನ್ನೂ ಉಸಿರು ತಹಬಂದಿಗೆ ಬಂದಿಲ್ಲ. ಯಾರೋ ಬಂದು ಗುರುತಿನ ಚೀಟಿ ತೋರಿಸಿ, ‘ನೀವು ಪರೀಕ್ಷೆಗೆ ಆಯ್ಕೆಯಾಗಿದ್ದೀರಿ, ಇಲ್ಲಿ ಸಹಿ ಹಾಕಿ’ ಎನ್ನುತ್ತಾರೆ. ನಿಯಮ ಕಲಿಯಲು ಆಗ ಸಮಯವಿರುವುದಿಲ್ಲ. ಊರಿನ ಮೆಡಿಕಲ್ ಶಾಪ್‌ನಲ್ಲಿ ಕೊಂಡು ಕುಡಿದ ಕೆಮ್ಮಿನ ಸಿರಪ್ಪಿಗೂ, ಜಿಮ್‌ನಲ್ಲಿ ಗೆಳೆಯ ಕೊಟ್ಟ ಪುಡಿಗೂ ಉತ್ತರ ಕೊಡಬೇಕಾದವರು ನೀವೇ. ದೇಹದಲ್ಲಿ ನಿಷೇಧಿತ ವಸ್ತು ಸಿಕ್ಕರೆ ಅದು ಹೇಗೆ ಬಂತು ಎನ್ನುವುದು ಆಮೇಲಿನ ಮಾತು, ಹೊಣೆ ಮಾತ್ರ ಮೊದಲ ಕ್ಷಣದಿಂದಲೇ ಕ್ರೀಡಾಪಟುವಿನದು.

ಇದು ಅಪರೂಪದ ಪ್ರಕರಣವೂ ಅಲ್ಲ. 2023ರಲ್ಲಿ ಭಾರತದ ಉದ್ದೀಪನ ಮದ್ದು ತಡೆ ಸಂಸ್ಥೆ ನಾಡಾ ಸಂಗ್ರಹಿಸಿದ 5,606 ಮಾದರಿಗಳಲ್ಲಿ 213ರಲ್ಲಿ ನಿಷೇಧಿತ ವಸ್ತು ಕಂಡುಬಂದಿತ್ತು. ಅಂದರೆ ನೂರಕ್ಕೆ ಸುಮಾರು 3.8. ದೊಡ್ಡ ಸಂಖ್ಯೆಯಲ್ಲಿ ಪರೀಕ್ಷೆ ನಡೆಸುವ ದೇಶಗಳ ನಡುವೆ ಇದು ಮುಜುಗರ ತರುವ ಪ್ರಮಾಣ.

ಯಾರ ಕೆಲಸ ಯಾವುದು

ವಿಶ್ವ ಮಟ್ಟದಲ್ಲಿ ನಿಯಮ ಮಾಡುವುದು 1999ರಲ್ಲಿ ಹುಟ್ಟಿದ ವಾಡಾ, ಅಂದರೆ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ. ನಮ್ಮ ದೇಶದಲ್ಲಿ ಪರೀಕ್ಷೆ, ತನಿಖೆ, ಅರಿವು ಮೂಡಿಸುವ ಕೆಲಸ ನಾಡಾದ್ದು. 2005ರಲ್ಲಿ ಸೊಸೈಟಿಯಾಗಿ ನೋಂದಣಿಯಾದ ನಾಡಾ, 2009ರಿಂದ ಕೆಲಸ ಶುರು ಮಾಡಿತು. 2022ರ ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಕಾಯ್ದೆ ಅದಕ್ಕೆ ಶಾಸನದ ಬಲ ಕೊಟ್ಟಿತು. ಮಾದರಿ ಸಂಗ್ರಹಿಸುವವರು ನಾಡಾ ಸಿಬ್ಬಂದಿ. ಅದನ್ನು ಪರೀಕ್ಷಿಸುವುದು ದೆಹಲಿಯ ರಾಷ್ಟ್ರೀಯ ಡೋಪ್ ಪರೀಕ್ಷಾ ಪ್ರಯೋಗಾಲಯದಂತಹ ವಾಡಾ ಮಾನ್ಯತೆಯ ಪ್ರಯೋಗಾಲಯ. ತಪ್ಪಿತಸ್ಥರೋ ಅಲ್ಲವೋ ಎಂದು ತೀರ್ಮಾನಿಸುವುದು ಪ್ರತ್ಯೇಕವಾದ ಶಿಸ್ತು ಸಮಿತಿ, ಅದರ ಮೇಲೊಂದು ಮೇಲ್ಮನವಿ ಸಮಿತಿ. ಪ್ರಯೋಗಾಲಯದ ಮೇಲೂ ಕಣ್ಣಿರುತ್ತದೆ. 2008ರಲ್ಲಿ ಮಾನ್ಯತೆ ಪಡೆದ ದೆಹಲಿಯ ಪ್ರಯೋಗಾಲಯವನ್ನು ಗುಣಮಟ್ಟದ ಕಾರಣಕ್ಕೆ 2019ರ ಆಗಸ್ಟ್‌ನಲ್ಲಿ ವಾಡಾ ಅಮಾನತಿನಲ್ಲಿಟ್ಟಿತ್ತು. ಮಾನ್ಯತೆ ಮರಳಿದ್ದು 2021ರ ಡಿಸೆಂಬರ್‌ನಲ್ಲಿ.

ಇಡೀ ವ್ಯವಸ್ಥೆ ನಿಂತಿರುವುದು ಒಂದು ಏರ್ಪಾಟಿನ ಮೇಲೆ: ಹೆಸರು ಒಂದು ಕಡೆ, ಸಂಖ್ಯೆ ಇನ್ನೊಂದು ಕಡೆ. ನಿಮ್ಮ ಹೆಸರು, ವಿಳಾಸ, ತೆಗೆದುಕೊಂಡ ಔಷಧಗಳ ಪಟ್ಟಿ ನಾಡಾ ಹತ್ತಿರ ಇರುತ್ತದೆ. ಪ್ರಯೋಗಾಲಯಕ್ಕೆ ಹೋಗುವ ಬಾಟಲಿಯ ಮೇಲೂ ಅದರ ಜತೆಗಿನ ಕಾಗದದ ಮೇಲೂ ಹೆಸರಿರುವುದಿಲ್ಲ. ಮಾದರಿ ಸಂಖ್ಯೆ, ಆಟ, ಗಂಡೋ ಹೆಣ್ಣೋ ಎನ್ನುವಂತಹ ಪರೀಕ್ಷೆಗೆ ಬೇಕಾದ ವಿವರ ಮಾತ್ರ. ಯಂತ್ರದ ಮುಂದೆ ಕೂತವರಿಗೆ ಇದು ರಾಜ್ಯ ಚಾಂಪಿಯನ್ನರದೋ ಹೊಸಬರದೋ ಗೊತ್ತಾಗುವುದಿಲ್ಲ, ಗೊತ್ತಾಗಲೂ ಬಾರದು. ಈ ಗೋಡೆ ಒಡೆಯುವುದು ವಾಡಾ ಕಚೇರಿ ಇರುವ ಮಾಂಟ್ರಿಯಲ್‌ನಲ್ಲೋ ದೆಹಲಿಯಲ್ಲೋ ಆಗಬೇಕೆಂದಿಲ್ಲ. ನಮ್ಮ ತಂಡದ ವಾಟ್ಸ್ಆ್ಯಪ್ ಗ್ರೂಪಿನಲ್ಲಿ, ಸೈಬರ್ ಸೆಂಟರಿನ ಕಂಪ್ಯೂಟರಿನಲ್ಲಿ ಅದು ಇನ್ನೂ ಸುಲಭವಾಗಿ ಒಡೆಯುತ್ತದೆ. ಅದಕ್ಕೆ ಆಮೇಲೆ ಬರೋಣ.

ಔಷಧ: ಪರೀಕ್ಷೆ ಶುರುವಾಗುವುದು ಇಲ್ಲಿಂದ

ನಿಷೇಧಿತ ವಸ್ತುಗಳ ಪಟ್ಟಿ ಪ್ರತಿ ವರ್ಷ ಜನವರಿ 1ರಂದು ಹೊಸದಾಗುತ್ತದೆ. ಕೆಲವು ವಸ್ತುಗಳು ವರ್ಷವಿಡೀ ನಿಷಿದ್ಧ, ಕೆಲವು ಸ್ಪರ್ಧೆಯ ಅವಧಿಯಲ್ಲಿ ಮಾತ್ರ. ಸ್ಪರ್ಧೆಯ ಅವಧಿ ಎಂದರೆ ಸೀಟಿ ಊದಿದ ಮೇಲೆ ಅಲ್ಲ, ಹಿಂದಿನ ದಿನ ರಾತ್ರಿ 11 ಗಂಟೆ 59 ನಿಮಿಷದಿಂದ.

ಡಾಕ್ಟರ ಔಷಧ ಚೀಟಿ ಕೈಗೆ ಬಂದಾಗ ಮಾಡಬೇಕಾದದ್ದು ಇಷ್ಟು. ‘ನಾನು ಕ್ರೀಡಾಪಟು, ಡೋಪ್ ಪರೀಕ್ಷೆ ಆಗಬಹುದು’ ಎಂದು ಡಾಕ್ಟರಿಗೆ ಮೊದಲೇ ಹೇಳಿ. ಮಾತ್ರೆಯ ಹಾಳೆಯ ಮೇಲಿನ ದೊಡ್ಡಕ್ಷರದ ಕಂಪನಿ ಹೆಸರನ್ನು ಬಿಟ್ಟು, ಅದರ ಕೆಳಗೆ ಸಣ್ಣಕ್ಷರದಲ್ಲಿರುವ ರಾಸಾಯನಿಕ ಹೆಸರುಗಳನ್ನು ಒಂದೊಂದಾಗಿ ಬರೆದುಕೊಳ್ಳಿ. ಒಂದೇ ಮಾತ್ರೆಯಲ್ಲಿ ಎರಡು ಮೂರು ಇರುವುದು ನಮ್ಮಲ್ಲಿ ಮಾಮೂಲು, ಸಿಕ್ಕಿಬೀಳುವುದು ಸಾಮಾನ್ಯವಾಗಿ ಎರಡನೆಯದರಿಂದ. ಆಮೇಲೆ ನಾಡಾದ ‘ನೋ ಯುವರ್ ಮೆಡಿಸಿನ್’ ಆ್ಯಪ್‌ನಲ್ಲಿ ಪ್ರತಿ ಹೆಸರನ್ನೂ ಹುಡುಕಿ, ಬಂದ ಉತ್ತರದ ಸ್ಕ್ರೀನ್‌ಶಾಟ್ ತೆಗೆದಿಡಿ, ದಿನಾಂಕ ಕಾಣಿಸುವ ಹಾಗೆ. ಅದು ನಿಮ್ಮನ್ನು ಹೊಣೆಯಿಂದ ಪಾರು ಮಾಡುವುದಿಲ್ಲ. ಆದರೆ ಎಚ್ಚರ ವಹಿಸಿದ್ದಿರಿ ಎನ್ನಲು ಕೈಯಲ್ಲಿ ಒಂದು ದಾಖಲೆ ಇದ್ದ ಹಾಗಾಗುತ್ತದೆ.

ನಮ್ಮ ಕಡೆ ಎಡವುವ ಜಾಗಗಳು ಹೆಚ್ಚು ಕಡಿಮೆ ಇವೇ:

ಕೆಮ್ಮಿನ ಸಿರಪ್. ಮಳೆಗಾಲದಲ್ಲಿ ಮಲೆನಾಡಿನಲ್ಲಿ ಕೆಮ್ಮು ನೆಗಡಿ ಇಲ್ಲದ ಮನೆ ಸಿಗುವುದು ಕಷ್ಟ. ಕಫ ಕರಗಿಸಲು ಕೊಡುವ ಬಹಳಷ್ಟು ಸಿರಪ್‌ಗಳಲ್ಲಿ ಟರ್ಬ್ಯುಟಲಿನ್ ಇರುತ್ತದೆ. ಅದು ವರ್ಷವಿಡೀ ನಿಷಿದ್ಧ, ಇಷ್ಟರವರೆಗೆ ಪರವಾಗಿಲ್ಲ ಎನ್ನುವ ಮಿತಿಯೂ ಇಲ್ಲ. ನೆಗಡಿ ಮಾತ್ರೆಗಳಲ್ಲಿನ ಸ್ಯೂಡೊಎಫೆಡ್ರಿನ್ ಸ್ಪರ್ಧೆಯ ಅವಧಿಯಲ್ಲಿ ಮೂತ್ರದಲ್ಲಿ ಪ್ರತಿ ಎಂಎಲ್‌ಗೆ 150 ಮೈಕ್ರೋಗ್ರಾಂ ಮೀರಿದರೆ ಉಲ್ಲಂಘನೆ.

ಗ್ಲೂಕೋಸ್ ಬಾಟಲಿ. ಜ್ವರ, ಸುಸ್ತು ಎಂದು ಕ್ಲಿನಿಕ್ಕಿಗೆ ಹೋದರೆ ‘ಒಂದು ಬಾಟಲಿ ಹಾಕಿಬಿಡೋಣ’ ಎನ್ನುವುದು ಇಲ್ಲಿ ವಾಡಿಕೆ. ಬಾಟಲಿಯಲ್ಲಿ ಬರೀ ಉಪ್ಪು ಸಕ್ಕರೆ ನೀರಿದ್ದರೂ ವಿಧಾನವೇ ನಿಷಿದ್ಧ: ರಕ್ತನಾಳದ ಮೂಲಕ 12 ಗಂಟೆಗಳಲ್ಲಿ 100 ಎಂಎಲ್‌ಗಿಂತ ಹೆಚ್ಚು ದ್ರವ ಹಾಕಿಸಿಕೊಳ್ಳುವಂತಿಲ್ಲ. ಸಾಮಾನ್ಯ ಬಾಟಲಿ 500 ಎಂಎಲ್‌ನದು. ಆಸ್ಪತ್ರೆ ಚಿಕಿತ್ಸೆ, ಶಸ್ತ್ರಚಿಕಿತ್ಸೆ, ರೋಗ ಪತ್ತೆ ತಪಾಸಣೆಗೆ ವಿನಾಯಿತಿ ಇದೆ. ನಿಜಕ್ಕೂ ಅಗತ್ಯವಿದ್ದರೆ ಆಸ್ಪತ್ರೆಯಲ್ಲಿ ದಾಖಲಾಗಿ ಹಾಕಿಸಿಕೊಂಡು, ಕೇಸ್ ಶೀಟಿನ ಪ್ರತಿ ಇಟ್ಟುಕೊಳ್ಳಿ. ಬಾಯಲ್ಲಿ ಕುಡಿಯಬಲ್ಲವರಿಗೆ ಓಆರ್‌ಎಸ್ ಸಾಕು.

ಮಂಡಿ, ಭುಜದ ಸ್ಟೀರಾಯ್ಡ್ ಇಂಜೆಕ್ಷನ್. ಯಾವ ಜಾಗಕ್ಕೆ ಚುಚ್ಚಿದರೂ 2022ರಿಂದ ಸ್ಪರ್ಧೆಯ ಅವಧಿಯಲ್ಲಿ ಇದು ನಿಷಿದ್ಧ. ಟ್ರಯಾಮ್ಸಿನೊಲೋನ್ ಅನ್ನು ಸ್ನಾಯುವಿಗೆ ಚುಚ್ಚಿಸಿಕೊಂಡರೆ ದೇಹದಿಂದ ಪೂರ್ತಿ ಹೋಗಲು ವಾಡಾ ಲೆಕ್ಕದಲ್ಲಿ 60 ದಿನ ಬೇಕು. ‘ಹೋದ ತಿಂಗಳು ಹಾಕಿಸಿದ್ದು’ ಎನ್ನುವ ಸಮಾಧಾನ ಇಲ್ಲಿ ನಡೆಯುವುದಿಲ್ಲ. ನೋವಿನ ಮಾತ್ರೆಗಳಲ್ಲಿ ಟ್ರಮಡಾಲ್ ಕೂಡ 2024ರ ಜನವರಿಯಿಂದ ಸ್ಪರ್ಧೆಯ ಅವಧಿಯಲ್ಲಿ ನಿಷಿದ್ಧ.

ಆಸ್ತಮಾ. ಸಾಲ್ಬುಟಮಾಲ್ ಇನ್ಹೇಲರ್‌ಗೆ ಅನುಮತಿ ಇದೆ. ಆದರೆ 24 ಗಂಟೆಗೆ ಒಟ್ಟು 1,600 ಮೈಕ್ರೋಗ್ರಾಂ, ಯಾವುದೇ 8 ಗಂಟೆಯಲ್ಲಿ 600 ಮೀರಬಾರದು. ಪಫ್ಫಿಗೆ 100 ಮೈಕ್ರೋಗ್ರಾಂ ಇರುವ ಪಂಪಿನಲ್ಲಿ 8 ಗಂಟೆಗೆ 6 ಪಫ್ ಅಂದಂತಾಯಿತು. ಅದೇ ಔಷಧವನ್ನು ನೆಬ್ಯುಲೈಜರ್‌ನಲ್ಲಿ ಕೊಟ್ಟರೆ ಒಂದು ಸಲಕ್ಕೇ 2.5 ಮಿಲಿಗ್ರಾಂ, ಅಂದರೆ 2,500 ಮೈಕ್ರೋಗ್ರಾಂ. ದಿನದ ಮಿತಿ ಒಂದೇ ಏಟಿಗೆ ದಾಟಿತು. ಚೀಟಿಯಲ್ಲಿ ಲೆವೊಸಾಲ್ಬುಟಮಾಲ್ ಎಂದಿದ್ದರೆ ಮೇಲಿನ ಲೆಕ್ಕವನ್ನು ಅದಕ್ಕೆ ಹಚ್ಚಬೇಡಿ, ನಾಡಾಗೆ ಬರೆದು ಕೇಳಿ.

ಜಿಮ್ ಪುಡಿ, ಲೇಹ್ಯ, ‘ಶಕ್ತಿ’ ಇಂಜೆಕ್ಷನ್. ಡಬ್ಬಿಯ ಮೇಲೆ ಬರೆಯದ ವಸ್ತು ಒಳಗೆ ಇರಬಹುದು ಎನ್ನುವುದೇ ಇವುಗಳ ಅಪಾಯ. ಸೋಮಲತಾ ಸೇರಿದ ಆಯುರ್ವೇದ ತಯಾರಿಕೆಯಲ್ಲಿ ಎಫೆಡ್ರಿನ್ ಸಹಜವಾಗಿಯೇ ಇರುತ್ತದೆ. ಸ್ಪರ್ಧೆಗೆ ಮುಂಚೆ ‘ಸ್ಟ್ಯಾಮಿನಾ’ಕ್ಕೆಂದು ಕೊಡುವ ಮೆಫೆಂಟರ್ಮಿನ್ ಇಂಜೆಕ್ಷನ್ ಉದ್ದೀಪಕ ವರ್ಗದ್ದು. ಆಪರೇಷನ್ ಥಿಯೇಟರಿನಲ್ಲಿ ರಕ್ತದೊತ್ತಡ ಏರಿಸಲು ಬಳಸುವ ಔಷಧವದು, ಆಟಗಾರರ ತೊಡೆಗೆ ಚುಚ್ಚುವುದಕ್ಕಲ್ಲ. ಪುಡಿ ಬೇಕೇ ಬೇಕು ಎನ್ನುವವರು ಸೀಲ್ ಆದ ಡಬ್ಬಿಯನ್ನೇ ಕೊಳ್ಳಿ, ಬಿಲ್ ಮತ್ತು ಬ್ಯಾಚ್ ಸಂಖ್ಯೆ ಇಟ್ಟುಕೊಳ್ಳಿ, ಡಬ್ಬಿ ಖಾಲಿ ಮಾಡದೆ ತಳದಲ್ಲಿ ಸ್ವಲ್ಪ ಉಳಿಸಿ. ನಾಳೆ ಪ್ರಶ್ನೆ ಎದ್ದರೆ ಪರೀಕ್ಷೆಗೆ ಕಳಿಸಲು ಅದೇ ಆಧಾರ.

ಕಾಫಿ ಕುಡಿಯಬಹುದೇ ಎಂದು ಈ ಎರಡು ಜಿಲ್ಲೆಗಳಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಧಾರಾಳವಾಗಿ ಕುಡಿಯಿರಿ. ಕೆಫೀನ್ 2004ರಿಂದ ನಿಷೇಧಿತ ಪಟ್ಟಿಯಲ್ಲಿಲ್ಲ, ವಾಡಾ ಅದರ ಬಳಕೆಯ ಮೇಲೆ ಕಣ್ಣಿಟ್ಟಿದೆ ಅಷ್ಟೇ. ಗಸಗಸೆ ಪಾಯಸದ ವಿಷಯ ಬೇರೆ. ಗಸಗಸೆಯಲ್ಲಿ ಮಾರ್ಫಿನ್ನಿನ ಅಂಶ ಇರುತ್ತದೆ, ಸ್ಪರ್ಧೆಯ ಅವಧಿಯಲ್ಲಿ ಮಾರ್ಫಿನ್‌ಗೆ ಮೂತ್ರದಲ್ಲಿ ಪ್ರತಿ ಎಂಎಲ್‌ಗೆ 1 ಮೈಕ್ರೋಗ್ರಾಂ ಎಂಬ ಗಡಿ ಇದೆ. ಕೂಟದ ಹಿಂದುಮುಂದಿನ ದಿನಗಳಲ್ಲಿ ಮದುವೆ ಊಟಕ್ಕೆ ಹೋದರೆ ಶಾವಿಗೆ ಪಾಯಸಕ್ಕೆ ಕೈ ಹಾಕುವುದು ಮೇಲು.

ಚಿಕಿತ್ಸೆಗೆ ನಿಷೇಧಿತ ಔಷಧವೇ ಬೇಕಾದರೆ

ಮಧುಮೇಹಕ್ಕೆ ಇನ್ಸುಲಿನ್ ಬೇಕು, ಅದು ಪಟ್ಟಿಯಲ್ಲಿದೆ. ಹಾಗೆಂದು ಯಾರೂ ಇನ್ಸುಲಿನ್ ಬಿಡಬೇಕಿಲ್ಲ. ಇಂತಹವರಿಗಾಗಿ ಟಿಯುಇ, ಅಂದರೆ ಚಿಕಿತ್ಸೆಯ ಕಾರಣಕ್ಕೆ ಕೊಡುವ ವಿನಾಯಿತಿ ಇದೆ. ರಾಷ್ಟ್ರ ಮಟ್ಟದ ಕ್ರೀಡಾಪಟುಗಳು ಸ್ಪರ್ಧೆಗೆ ಕನಿಷ್ಠ 30 ದಿನ ಮೊದಲೇ ಅರ್ಜಿ ಹಾಕಬೇಕು. ಪೂರ್ಣ ದಾಖಲೆ ಸಿಕ್ಕ 21 ದಿನಗಳೊಳಗೆ ವೈದ್ಯರ ಸಮಿತಿ ತೀರ್ಮಾನ ಕೊಡಬೇಕು. ತುರ್ತು ಚಿಕಿತ್ಸೆ ಆದವರಿಗೆ, ಆ ಮಟ್ಟ ತಲುಪದವರಿಗೆ ಆಮೇಲೂ ಅರ್ಜಿ ಹಾಕುವ ದಾರಿ ಇದೆ.

ಅರ್ಜಿ ವಾಪಸ್ ಬರಲು ಮುಖ್ಯ ಕಾರಣ ಡಾಕ್ಟರ ಪತ್ರ. ‘ಇವರು ಚಿಕಿತ್ಸೆಯಲ್ಲಿದ್ದಾರೆ, ಆಡಲು ಸಮರ್ಥರು’ ಎಂಬ ಎರಡು ಸಾಲಿನ ಪತ್ರ ಸಮಿತಿಗೆ ಉಪಯೋಗವಿಲ್ಲ. ರೋಗ ಯಾವುದು, ಯಾವಾಗ, ಯಾವ ಪರೀಕ್ಷೆಯಿಂದ ಗೊತ್ತಾಯಿತು, ಲ್ಯಾಬ್ ವರದಿ, ಔಷಧದ ರಾಸಾಯನಿಕ ಹೆಸರು, ಪ್ರಮಾಣ, ಎಷ್ಟು ದಿನ, ಪಟ್ಟಿಯಲ್ಲಿಲ್ಲದ ಬೇರೆ ಔಷಧ ಯಾಕೆ ಸಾಲದು, ಇಷ್ಟೂ ಬೇಕು. ಹಾಸನ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಂತಹ ಕಡೆ ತೋರಿಸುವಾಗ ಓಪಿಡಿ ಚೀಟಿಯೊಂದನ್ನೇ ನೆಚ್ಚಿಕೊಳ್ಳದೆ, ಅರ್ಜಿ ನಮೂನೆಯನ್ನೇ ಮುದ್ರಿಸಿ ಒಯ್ದು ಡಾಕ್ಟರ ಕೈಯಲ್ಲಿ ತುಂಬಿಸಿ, ಸೀಲ್ ಹಾಕಿಸಿ. ಈ ಕಾಗದಗಳನ್ನು ನೋಡಬೇಕಾದವರು ಸಮಿತಿಯ ವೈದ್ಯರು ಮತ್ತು ಆ ಕಡತ ನಿರ್ವಹಿಸುವ ಕೆಲವೇ ಸಿಬ್ಬಂದಿ. ನಿಮ್ಮ ಕೋಚ್ ಆ ಪಟ್ಟಿಯಲ್ಲಿಲ್ಲ. ಅರ್ಜಿ ಹಾಕಿದ್ದೀರಿ ಎನ್ನುವುದು ಅವರಿಗೆ ಗೊತ್ತಿದ್ದರೆ ಸಾಕು, ರೋಗದ ವಿವರ ಅವರ ಫೋನಿನಲ್ಲಿ ಇರಬೇಕಿಲ್ಲ.

ಮಾದರಿ ಕೊಡುವ ಹೊತ್ತು

ಕರೆ ಬಂದ ಮೇಲೆ ಪರೀಕ್ಷಾ ಕೊಠಡಿಗೆ ಹೋಗುವವರೆಗೂ ಒಬ್ಬ ಸಹಾಯಕ ನಿಮ್ಮ ಮೇಲೆ ಕಣ್ಣಿಟ್ಟು ಜತೆಗಿರುತ್ತಾರೆ. ಪದಕ ಸಮಾರಂಭ, ಇನ್ನೊಂದು ಸ್ಪರ್ಧೆ, ಗಾಯದ ಚಿಕಿತ್ಸೆ, ಮೈ ತಣಿಸುವ ಓಟ, ಗುರುತಿನ ಚೀಟಿ ತರುವುದು, ಜತೆಗೆ ಬರುವವರನ್ನು ಹುಡುಕುವುದು, ಇವಕ್ಕೆ ಸಮಯ ಕೇಳಬಹುದು, ಆದರೆ ಅವರ ಕಣ್ಣು ತಪ್ಪಿಸುವಂತಿಲ್ಲ. ಬಸ್ಸಿಗೆ ಹೊತ್ತಾಯಿತೆಂದು ಹೊರಟುಹೋದರೆ ಅದು ಪರೀಕ್ಷೆ ತಪ್ಪಿಸಿಕೊಂಡಂತೆ. ಶಿಕ್ಷೆ 4 ವರ್ಷದವರೆಗೆ ಆಟದಿಂದ ನಿಷೇಧ, ಸಿಕ್ಕಿಬಿದ್ದವರಿಗೆ ಆಗುವಷ್ಟೇ. ವಾಪಸ್ ಹೊರಡುವ ರೈಲನ್ನು ತಂಡದ ಮ್ಯಾನೇಜರ್ ಆ ಸಂಜೆಗೇ ಬುಕ್ ಮಾಡಿದ್ದರೆ ಅದು ಅವರ ತಪ್ಪು ಯೋಜನೆ, ನಿಮಗೆ ನೆಪವಾಗದು.

ಒಬ್ಬರನ್ನು ಜತೆಗೆ ಕರೆದೊಯ್ಯುವ ಹಕ್ಕು ನಿಮಗಿದೆ. 18 ತುಂಬದವರು ಖಂಡಿತ ಕರೆದೊಯ್ಯಬೇಕು. ಹಿಂದಿ, ಇಂಗ್ಲಿಷ್ ತೊಡಕಾದರೆ ಕನ್ನಡ ಬಲ್ಲವರು ಬೇಕೆಂದು ಕೇಳಿ, ಸಂಕೋಚ ಬೇಡ. ಅರ್ಥವಾಗದ ಫಾರಂಗೆ ಸಹಿ ಹಾಕುವುದಕ್ಕಿಂತ ಅರ್ಧ ಗಂಟೆ ಕಾಯುವುದು ಲೇಸು.

ಒಳಗೆ ನಡೆಯುವುದು ಹೀಗೆ. ಸೀಲ್ ಆಗಿರುವ ಮೂರಕ್ಕೆ ಕಡಿಮೆ ಇಲ್ಲದ ಸಂಗ್ರಹ ಪಾತ್ರೆಗಳಲ್ಲಿ ಒಂದನ್ನು ನೀವೇ ಆರಿಸುತ್ತೀರಿ. ಕೈಯನ್ನು ಸೋಪು ಹಾಕದೆ ಬರೀ ನೀರಲ್ಲಿ ತೊಳೆಯಿರಿ. ನಿಮ್ಮದೇ ಲಿಂಗದ ಸಾಕ್ಷಿಯೊಬ್ಬರು ಮೂತ್ರ ಹೊರಬರುವುದನ್ನು ನೇರವಾಗಿ ನೋಡಬೇಕು. ಅದಕ್ಕಾಗಿ ಬಟ್ಟೆಯನ್ನು ಎದೆಯ ಮಧ್ಯದಿಂದ ಮಂಡಿಯವರೆಗೆ, ತೋಳನ್ನು ಮೊಣಕೈವರೆಗೆ ಸರಿಸಬೇಕಾಗುತ್ತದೆ. ಮುಜುಗರವಾಗುತ್ತದೆ, ನಿಜ. ಅದನ್ನು ಮೊದಲೇ ಮನೆಯಲ್ಲಿ, ಅದರಲ್ಲೂ ಹೆಣ್ಣುಮಕ್ಕಳಿಗೆ, ಬಿಡಿಸಿ ಹೇಳಿರಬೇಕು. ಚಿಕ್ಕವರ ಜತೆ ಬಂದವರು ಆ ಸಾಕ್ಷಿ ಸರಿಯಾಗಿ ನಡೆದುಕೊಳ್ಳುತ್ತಾರೋ ಇಲ್ಲವೋ ಎಂದು ನೋಡಲು ಇರುತ್ತಾರೆ, ಮಾದರಿ ಕೊಡುವುದನ್ನು ನೋಡಲು ಅಲ್ಲ.

ಕನಿಷ್ಠ 90 ಎಂಎಲ್ ಬೇಕು. ಆಮೇಲೆ ಬಾಟಲಿ ಕಿಟ್ ಆರಿಸಿಕೊಳ್ಳಿ. ಡಬ್ಬಿ, ಎ ಬಾಟಲಿ, ಬಿ ಬಾಟಲಿ, ಮುಚ್ಚಳ, ಎಲ್ಲದರ ಮೇಲೂ ಒಂದೇ ಸಂಖ್ಯೆ ಇದೆಯೇ ಎಂದು ಗಟ್ಟಿಯಾಗಿ ಓದಿ ನೋಡಿ. ಇಲ್ಲಿ ಅವಸರ ಬೇಡ. 2014ರ ಸೋಚಿ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಮುಚ್ಚಿದ ಬಾಟಲಿಗಳನ್ನೇ ತೆರೆದು ಮೂತ್ರ ಬದಲಿಸಿದ್ದರು. ಬಾಟಲಿಯ ಬಗ್ಗೆ ಅನುಮಾನ ಬಂದರೆ ಬೇರೆ ಕೇಳಿ ಪಡೆಯಿರಿ. ಬಿ ಬಾಟಲಿಗೆ ಕನಿಷ್ಠ 30, ಎ ಬಾಟಲಿಗೆ ಕನಿಷ್ಠ 60 ಎಂಎಲ್ ನೀವೇ ಸುರಿದು, ಸಾಂದ್ರತೆ ನೋಡಲು ಪಾತ್ರೆಯಲ್ಲಿ ಕೆಲವು ಹನಿ ಉಳಿಸಿ. ಮುಚ್ಚಳವನ್ನು ಕ್ಲಿಕ್ ಶಬ್ದ ನಿಲ್ಲುವವರೆಗೆ ತಿರುಗಿಸಿ, ಬಾಟಲಿ ತಲೆಕೆಳಗು ಮಾಡಿ ಸೋರುತ್ತದೆಯೇ ನೋಡಿ.

ಹೆಚ್ಚು ಹೊತ್ತು ತಿನ್ನುವುದು ಸಾಂದ್ರತೆ. ರಿಫ್ರಾಕ್ಟೋಮೀಟರ್‌ನಲ್ಲಿ 1.005 ಅಥವಾ ಹೆಚ್ಚು ಬರಬೇಕು, 150 ಎಂಎಲ್ ಅಥವಾ ಹೆಚ್ಚು ಕೊಟ್ಟಿದ್ದರೆ 1.003 ಸಾಕು. ಮೂತ್ರ ಬರಲಿ ಎಂದು ಒಂದರ ಮೇಲೊಂದು ನೀರಿನ ಬಾಟಲಿ ಕುಡಿದವರ ಮಾದರಿ ತೆಳುವಾಗಿ, ಇನ್ನೊಂದು ಮಾದರಿ ಕೊಡಬೇಕಾಗಿ, ರಾತ್ರಿಯವರೆಗೂ ಕೂರುತ್ತಾರೆ. ಸ್ವಲ್ಪ ಸ್ವಲ್ಪವೇ ಕುಡಿಯಿರಿ, ಅದೂ ಸೀಲ್ ಒಡೆಯದ ಬಾಟಲಿಯಿಂದ ನೀವೇ ತೆರೆದು. ಬೇರೆಯವರು ಅರ್ಧ ಕುಡಿದ ಬಾಟಲಿ, ಯಾರೋ ಪ್ರೀತಿಯಿಂದ ತಂದ ಜ್ಯೂಸ್ ಬೇಡ. 90 ಎಂಎಲ್‌ಗೆ ಕಡಿಮೆ ಬಂದರೆ ಅಷ್ಟನ್ನೇ ಸೀಲ್ ಮಾಡಿಟ್ಟು, ಮತ್ತೆ ಬಂದಾಗ ಕೂಡಿಸುತ್ತಾರೆ. ಆ ಪೊಟ್ಟಣದ ಸಂಖ್ಯೆಯನ್ನೂ ನೆನಪಿಟ್ಟುಕೊಳ್ಳಿ.

ಕೊನೆಯದು ಫಾರಂ. ಕಳೆದ 7 ದಿನಗಳಲ್ಲಿ ತೆಗೆದುಕೊಂಡ ಔಷಧ, ಪುಡಿ, ಲೇಹ್ಯ ಎಲ್ಲವನ್ನೂ ಬರೆಯಿರಿ. ಅಜ್ಜಿ ಕೊಟ್ಟ ಕಷಾಯದ ಪುಡಿ ಅಂಗಡಿಯದಾಗಿದ್ದರೆ ಅದನ್ನೂ. ‘ಬರೆದರೆ ಸಿಕ್ಕಿಬೀಳುತ್ತೇನೆ’ ಎಂದು ಬಿಟ್ಟವರಿಗೆ ವಿಚಾರಣೆಯಲ್ಲಿ ಅದೇ ಮುಳುವಾಗುತ್ತದೆ. ಪ್ರಕ್ರಿಯೆಯಲ್ಲಿ ಏನಾದರೂ ಸರಿ ಕಾಣದಿದ್ದರೆ ಷರಾ ಬರೆಯುವ ಜಾಗದಲ್ಲಿ ಅಲ್ಲೇ ಬರೆಯಿರಿ, ಕನ್ನಡದಲ್ಲಾದರೂ ಸರಿ. ನಿಮ್ಮ ಪ್ರತಿ ಕೇಳಿ ಪಡೆಯಿರಿ. ಮಾದರಿಯನ್ನು 10 ವರ್ಷದವರೆಗೆ ಇಟ್ಟು ಮತ್ತೆ ಪರೀಕ್ಷಿಸಲು ಅವಕಾಶವಿದೆ. ಹಾಗಾಗಿ ನಿಮ್ಮ ಪ್ರತಿಯೂ ಅಷ್ಟು ಕಾಲ ಟ್ರಂಕಿನಲ್ಲಿ ಭದ್ರವಾಗಿರಲಿ.

ವೇರ್‌ಅಬೌಟ್ಸ್: ತೋಟದ ಮನೆಯ ವಿಳಾಸ

ಯಾವಾಗ ಎಲ್ಲಿರುತ್ತೀರಿ ಎಂದು ಮೊದಲೇ ತಿಳಿಸುವ ಈ ನಿಯಮ ಎಲ್ಲರಿಗೂ ಅಲ್ಲ. ನೋಂದಾಯಿತ ಪರೀಕ್ಷಾ ಪಟ್ಟಿಗೆ ನಿಮ್ಮನ್ನು ಸೇರಿಸಿದ್ದೇವೆ ಎಂದು ನಾಡಾ ಪತ್ರ ಬಂದವರಿಗೆ ಮಾತ್ರ. ಅಂತಹವರು ಮೂರು ಮೂರು ತಿಂಗಳಿಗೆ, ಅವಧಿ ಶುರುವಾಗುವ ಮೊದಲೇ, ರಾತ್ರಿ ಎಲ್ಲಿ ಮಲಗುತ್ತೀರಿ, ಎಲ್ಲಿ ಅಭ್ಯಾಸ, ಯಾವ ಕಾಲೇಜು ಅಥವಾ ಕೆಲಸ ಎಂದು ಆಡಮ್ಸ್ ಎಂಬ ವಾಡಾದ ಆನ್‌ಲೈನ್ ವ್ಯವಸ್ಥೆಯಲ್ಲಿ ತುಂಬಬೇಕು. ಜತೆಗೆ ಪ್ರತಿ ದಿನ ಬೆಳಗ್ಗೆ 5ರಿಂದ ರಾತ್ರಿ 11ರ ನಡುವೆ 60 ನಿಮಿಷ ಒಂದು ಜಾಗದಲ್ಲಿ ಸಿಗುತ್ತೇನೆ ಎಂದು ಹೇಳಬೇಕು. ವಿವರ ತುಂಬದಿರುವುದು, ಹೇಳಿದ ಗಂಟೆಯಲ್ಲಿ ಸಿಗದಿರುವುದು, ಎರಡೂ ಸೇರಿ 12 ತಿಂಗಳಲ್ಲಿ ಮೂರಾದರೆ ಉಲ್ಲಂಘನೆ. ಶಿಕ್ಷೆ 2 ವರ್ಷ, ತಪ್ಪಿನ ಪ್ರಮಾಣ ನೋಡಿ 1 ವರ್ಷದವರೆಗೆ ಇಳಿಯಬಹುದು.

ಬೆಂಗಳೂರಿನ ಫ್ಲ್ಯಾಟಿಗೆ ಬಾಗಿಲ ಸಂಖ್ಯೆ ಇರುತ್ತದೆ. ಕಳಸ, ಮೂಡಿಗೆರೆ, ಸಕಲೇಶಪುರದ ತೋಟದ ಮನೆಗೆ ಇರುವುದಿಲ್ಲ. ‘ಮೂಡಿಗೆರೆ ಹತ್ತಿರದ ಎಸ್ಟೇಟ್’ ಎಂದು ತುಂಬಿದರೆ ಅದು ವಿಳಾಸವೇ ಅಲ್ಲ. ತೋಟದ ಹೆಸರು, ಊರು, ಅಂಚೆ, ಮುಖ್ಯ ರಸ್ತೆಯಿಂದ ತಿರುಗುವ ಗುರುತು, ಎಷ್ಟನೇ ಗೇಟು, ಲೈನ್ ಮನೆಗಳಲ್ಲಿ ಎಷ್ಟನೆಯದು, ಮ್ಯಾಪಿನ ಅಕ್ಷಾಂಶ ರೇಖಾಂಶ, ಇಷ್ಟು ಕೊಡಿ. ಬೆಳಗ್ಗೆ 6ಕ್ಕೆ ಗೇಟಿನಲ್ಲಿ ಕಾವಲುಗಾರ ‘ಯಾರೂ ಇಲ್ಲ’ ಎಂದು ಕಳಿಸಿಬಿಟ್ಟರೆ, ನಾಯಿ ಬಿಟ್ಟಿದ್ದರಿಂದ ಅಧಿಕಾರಿ ಅಂಗಳಕ್ಕೆ ಬರಲಾಗದಿದ್ದರೆ, ಖಾತೆಗೆ ಬೀಳುವ ತಪ್ಪು ನಿಮ್ಮದೇ. ಯಾರಾದರೂ ಕೇಳಿಕೊಂಡು ಬಂದರೆ ಕರೆಯಬೇಕು ಎಂದು ಮನೆಯವರಿಗೆ, ಕಾವಲುಗಾರನಿಗೆ ಹೇಳಿಡಿ. ಮನೆಯ ಕೆಳಗಿನ ತೋಡಿನಲ್ಲಿ ಪಂಪ್ ಸರಿ ಮಾಡುತ್ತಾ ಕೂತರೆ ಬಾಗಿಲು ತಟ್ಟಿದ್ದು ಕೇಳಿಸುವುದಿಲ್ಲ. ‘ಫೋನ್ ಮಾಡ್ತಾರಲ್ಲ’ ಎಂಬ ನಂಬಿಕೆ ದೊಡ್ಡ ಮೋಸ. ಕೊನೆಯ ಐದು ನಿಮಿಷದಲ್ಲಿ ಕರೆ ಮಾಡಿದರೂ ಮಾಡಬಹುದು, ಮಾಡಲೇಬೇಕೆಂಬ ಕಡ್ಡಾಯವಿಲ್ಲ. ಮಾಡಿದರೂ ಸಿಗ್ನಲ್ ಇರಬೇಕಲ್ಲ.

ಸಿಗುತ್ತೇನೆ ಎಂದು ಹೇಳುವ ಆ ಒಂದು ಗಂಟೆಯನ್ನು ಬೆಳಗ್ಗೆ ಹಾಸಿಗೆಯಿಂದ ಏಳುವ ಹೊತ್ತಿಗೆ, ಮಲಗುವ ಜಾಗದಲ್ಲೇ ಇಟ್ಟುಕೊಳ್ಳುವುದು ಅತ್ಯಂತ ಸುರಕ್ಷಿತ. ಯೋಜನೆ ಬದಲಾದರೆ ಆ ಗಂಟೆ ಶುರುವಾಗುವ ಮೊದಲು ಆ್ಯಪ್‌ನಲ್ಲಿ ಬದಲಿಸಬೇಕು. ಜುಲೈ ಆಗಸ್ಟ್‌ನಲ್ಲಿ ಶಿರಾಡಿ ಅಥವಾ ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಕುಸಿದು ಮಂಗಳೂರಿನಲ್ಲೇ ಉಳಿಯಬೇಕಾದರೆ ಅಲ್ಲಿಂದಲೇ ಬದಲಿಸಿ. ಘಾಟಿಯ ನಡುವೆ ಸಿಕ್ಕಿಹಾಕಿಕೊಂಡ ಮೇಲೆ ನೆಟ್‌ವರ್ಕ್ ಹುಡುಕುವುದು ವ್ಯರ್ಥ.

ಮಾಹಿತಿ: ಸೋರುವುದು ಎಲ್ಲಿ

ಮನೆ ವಿಳಾಸ, ಯಾವ ಹೊತ್ತಿಗೆ ಎಲ್ಲಿ ಒಬ್ಬರೇ ಇರುತ್ತಾರೆ, ಯಾವ ಕಾಯಿಲೆ, ಯಾವ ಔಷಧ. ಒಬ್ಬ ಹುಡುಗಿಯ ಬಗ್ಗೆ ಇಷ್ಟು ವಿವರ ಒಂದೇ ಕಡೆ ಇರುವುದು ಎಷ್ಟು ಸೂಕ್ಷ್ಮ ಎಂದು ಬಿಡಿಸಿ ಹೇಳಬೇಕಿಲ್ಲ. ವೇರ್‌ಅಬೌಟ್ಸ್ ಮಾಹಿತಿಯನ್ನು ಪರೀಕ್ಷೆ, ತನಿಖೆಯಂತಹ ಕೆಲಸಕ್ಕೆ ಮಾತ್ರ ಬಳಸಬೇಕು, ಗುಟ್ಟಾಗಿಡಬೇಕು, ಅಗತ್ಯ ಮುಗಿದ ಮೇಲೆ ಅಳಿಸಬೇಕು ಎಂದು ವಾಡಾ ಸಂಹಿತೆ ಹೇಳುತ್ತದೆ. ಖಾಸಗಿತನ ಕಾಯಲೆಂದೇ ಒಂದು ಅಂತರರಾಷ್ಟ್ರೀಯ ಮಾನದಂಡವೂ ಇದೆ. ನಿಮ್ಮ ಬಗ್ಗೆ ಏನೇನು ಇಟ್ಟಿದ್ದೀರಿ ಎಂದು ಕೇಳುವ, ತಪ್ಪಿದ್ದರೆ ತಿದ್ದಿಸುವ ಹಕ್ಕು ಅದರಡಿ ನಿಮಗಿದೆ.

ನಿಯಮ ಎಷ್ಟು ಗಟ್ಟಿಯಾಗಿದ್ದರೂ ಒಂದು ಪಾಸ್‌ವರ್ಡ್ ಸಾಕು. 2016ರಲ್ಲಿ ಫ್ಯಾನ್ಸಿ ಬೇರ್ಸ್ ಎಂಬ ಗುಂಪು ರಿಯೊ ಒಲಿಂಪಿಕ್ಸ್‌ಗಾಗಿ ತೆರೆದಿದ್ದ ಖಾತೆಯೊಂದರ ಮೂಲಕ ಆಡಮ್ಸ್ ಒಳಗೆ ನುಗ್ಗಿತು. ದಾರಿ ಮಾಡಿಕೊಟ್ಟದ್ದು ನಂಬುವಂತೆ ಬರೆದ ಮೋಸದ ಇಮೇಲ್‌ಗಳು. ಹೊರಬಿದ್ದದ್ದು ಟಿಯುಇ ದಾಖಲೆಗಳು, ಅಂದರೆ ನಿಯಮದ ಪ್ರಕಾರವೇ ಅನುಮತಿ ಪಡೆದ ಕ್ರೀಡಾಪಟುಗಳ ಕಾಯಿಲೆ, ಔಷಧದ ವಿವರ. ತಪ್ಪು ಮಾಡದವರೇ ಜಗತ್ತಿನ ಮುಂದೆ ವಿವರಣೆ ಕೊಡುತ್ತಾ ನಿಲ್ಲಬೇಕಾಯಿತು.

ಹಾಗಾಗಿ ಆಡಮ್ಸ್ ಖಾತೆಯನ್ನು ಸೈಬರ್ ಸೆಂಟರಿನಲ್ಲಿ ತೆರೆಯಬೇಡಿ. ಅನಿವಾರ್ಯವಾದರೆ ಪಾಸ್‌ವರ್ಡ್ ಉಳಿಸಲೇ ಎಂದು ಕಂಪ್ಯೂಟರ್ ಕೇಳಿದಾಗ ಬೇಡ ಎನ್ನಿ, ಲಾಗ್ ಔಟ್ ಮಾಡಿ, ಡೌನ್‌ಲೋಡ್ ಆದ ಕಡತ ಅಳಿಸಿ, ಮನೆಗೆ ಬಂದು ಪಾಸ್‌ವರ್ಡ್ ಬದಲಿಸಿ. ಖಾತೆಗೆ ಕೊಟ್ಟ ಇಮೇಲ್, ಮೊಬೈಲ್ ನಂಬರ್ ನಿಮ್ಮದೇ ಆಗಿರಲಿ. ಹಾಸ್ಟೆಲಿನ ಹತ್ತು ಮಕ್ಕಳ ಖಾತೆಗೂ ಕೋಚ್ ಒಬ್ಬರದೇ ನಂಬರ್ ಕೊಟ್ಟಿದ್ದರೆ ಆ ಫೋನ್ ಕಳೆದ ದಿನ ಹತ್ತೂ ಖಾತೆ ಬಯಲು. ತುಂಬುವ ಕೆಲಸವನ್ನು ಬೇರೆಯವರಿಗೆ ವಹಿಸಬಹುದು, ಆದರೆ ಅವರು ತಪ್ಪು ತುಂಬಿದರೆ ಶಿಕ್ಷೆ ನಿಮಗೇ. ಇಮೇಲಿನಲ್ಲಿ ಬಂದ ಲಿಂಕ್ ಒತ್ತದೆ ವಿಳಾಸವನ್ನು ನೀವೇ ಟೈಪ್ ಮಾಡಿ ಒಳಹೋಗಿ.

ಇನ್ನು ಆ ಫಾರಂ. ‘ಮೊದಲ ಡೋಪ್ ಟೆಸ್ಟ್’ ಎಂದು ಖುಷಿಯಿಂದ ಫೋಟೊ ತೆಗೆದು ಸ್ಟೇಟಸ್‌ಗೆ ಹಾಕುವವರಿದ್ದಾರೆ. ಅದರಲ್ಲಿ ನಿಮ್ಮ ಹೆಸರು, ವಿಳಾಸ, ಔಷಧದ ಪಟ್ಟಿಯ ಜತೆಗೆ ಮಾದರಿ ಸಂಖ್ಯೆಯೂ ಇರುತ್ತದೆ. ಪ್ರಯೋಗಾಲಯದಿಂದ ಮರೆಮಾಡಲೆಂದೇ ಬೇರ್ಪಡಿಸಿದ ಎರಡನ್ನು ನೀವೇ ಒಟ್ಟಿಗೆ ತಂದು ಊರಿಗೆಲ್ಲ ತೋರಿಸಿದ ಹಾಗೆ. ತಂಡದ ಗ್ರೂಪಿಗೂ ಹಾಕಬೇಡಿ, ಮ್ಯಾನೇಜರ್ ‘ರೆಕಾರ್ಡಿಗೆ ಕಳಿಸು’ ಎಂದರೂ ಬೇಡ.

ಕೋಚ್‌ಗಳಿಗೆ, ದೈಹಿಕ ಶಿಕ್ಷಣ ಶಿಕ್ಷಕರಿಗೆ ಒಂದು ಮಾತು. ಮಕ್ಕಳ ಆಧಾರ್, ವೈದ್ಯಕೀಯ ಪ್ರಮಾಣಪತ್ರ, ಔಷಧದ ವಿವರ ಎಲ್ಲ ಸೇರಿಸಿದ ಒಂದು ಶೀಟ್ ಮಾಡಿ ಲಿಂಕ್ ಹಂಚುವ ಅಭ್ಯಾಸ ಬಿಡಿ. ಆಯ್ಕೆಗೆ ಬೇಕಾದ್ದು ವಯಸ್ಸಿನ ದಾಖಲೆ. ಔಷಧದ ವಿವರ ಮಗುವಿನ, ಪೋಷಕರ ಹತ್ತಿರವೇ ಇರಲಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರನ್ನು ಮಕ್ಕಳೆಂದೇ ಎಣಿಸಿ, ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಕೇಳುತ್ತದೆ.

ನೋಟಿಸ್ ಬಂದರೆ

ಮೊದಲು ಪರೀಕ್ಷಿಸುವ ಎ ಬಾಟಲಿಯ ಮಾದರಿಯಲ್ಲಿ ಏನಾದರೂ ಸಿಕ್ಕರೆ ನಾಡಾ ಮೊದಲು ನೋಡುವುದು ಎರಡು: ಟಿಯುಇ ಇದೆಯೇ, ಸಂಗ್ರಹ ಅಥವಾ ಪರೀಕ್ಷೆಯಲ್ಲಿ ಲೋಪವಾಗಿದೆಯೇ. ಇಲ್ಲವೆಂದಾದರೆ ನೋಟಿಸ್ ಬರುತ್ತದೆ. ಬಿ ಬಾಟಲಿ ತೆರೆಸುವ ಹಕ್ಕು ನಿಮ್ಮದು, ನೋಟಿಸಿನಲ್ಲಿ ಹೇಳಿದ ಗಡುವಿನೊಳಗೆ ಬರೆದು ಕೇಳಬೇಕು. ತೆರೆಯುವಾಗ ನೀವೋ ನಿಮ್ಮ ಪ್ರತಿನಿಧಿಯೋ ಎದುರಿಗಿರಬಹುದು. ಬಿ ಫಲಿತಾಂಶ ಎ ಜತೆ ಹೊಂದದಿದ್ದರೆ ಆ ಎ ಫಲಿತಾಂಶದ ಮೇಲೆ ಮುಂದುವರಿಯುವಂತಿಲ್ಲ. ಬಿಲ್, ಚೀಟಿ, ಮಾತ್ರೆಯ ಹಾಳೆ, ಉಳಿಸಿದ ಪುಡಿ ಎಲ್ಲ ಈಗ ಹೊರಬರಬೇಕು. 4 ವರ್ಷ ಅಥವಾ ಹೆಚ್ಚಿನ ನಿಷೇಧ ಎದುರಿಸುವವರು ಆರೋಪಪತ್ರ ಸಿಕ್ಕ 20 ದಿನಗಳೊಳಗೆ ತಪ್ಪೊಪ್ಪಿ ಶಿಕ್ಷೆಗೆ ಒಪ್ಪಿದರೆ 1 ವರ್ಷ ಕಡಿಮೆಯಾಗುತ್ತದೆ. ತಪ್ಪು ಮಾಡದವರು ಬೇರೆಯವರ ಒತ್ತಡಕ್ಕೆ ಸಹಿ ಹಾಕಬಾರದು. ಉಲ್ಲಂಘನೆ ಆಗಿಲ್ಲ ಎಂದು ತೀರ್ಮಾನವಾದರೆ ಕ್ರೀಡಾಪಟುವಿನ ಒಪ್ಪಿಗೆ ಇಲ್ಲದೆ ಅದನ್ನು ಪ್ರಕಟಿಸುವಂತಿಲ್ಲ. 18 ತುಂಬದವರ ಹೆಸರನ್ನು ಉಲ್ಲಂಘನೆ ಸಾಬೀತಾದರೂ ಬಹಿರಂಗಪಡಿಸುವುದು ಕಡ್ಡಾಯವಲ್ಲ. ಈ ಗಡುವು, ಅಂಕಿಗಳು ಈಗಿನ ಸಂಹಿತೆಯವು. 2027ರ ಜನವರಿ 1ರಿಂದ ಹೊಸ ಸಂಹಿತೆ ಬರುವುದರಿಂದ ಆಮೇಲೆ ಓದುವವರು ನಾಡಾ ಜಾಲತಾಣದಲ್ಲಿ ಒಮ್ಮೆ ತಾಳೆ ನೋಡಿ.

ಈ ಹೊತ್ತಿನಲ್ಲಿ ‘ನಿಮ್ಮ ರಿಪೋರ್ಟ್ ಗೊತ್ತಾಗಿದೆ, ಸರಿ ಮಾಡಿಸಿಕೊಡ್ತೀವಿ’ ಎಂದು ಯಾರಾದರೂ ಫೋನ್ ಮಾಡಿದರೆ ಹಣದ ಮಾತಿಗೇ ಇಳಿಯಬೇಡಿ. ಲಂಚ ಕೊಡಲು ಮುಂದಾಗುವುದೇ ಪ್ರಕ್ರಿಯೆಯನ್ನು ತಿರುಚಿದ ಇನ್ನೊಂದು ಉಲ್ಲಂಘನೆ, ಅದಕ್ಕೂ 4 ವರ್ಷದವರೆಗೆ ಶಿಕ್ಷೆ. ಕರೆ ಬಂದ ನಂಬರ್, ದಿನಾಂಕ, ಆಡಿದ ಮಾತು ಬರೆದಿಟ್ಟು ನಾಡಾಗೆ, ಇಲ್ಲವೇ ವಾಡಾದ ‘ಸ್ಪೀಕ್ ಅಪ್’ ಮೂಲಕ ತಿಳಿಸಿ. ಅಲ್ಲಿ ಹೆಸರು ಹೇಳದೆಯೂ ದೂರು ಕೊಡಬಹುದು. ದೂರು ಕೊಟ್ಟವರನ್ನು ಹೆದರಿಸುವುದು, ಸೇಡು ತೀರಿಸುವುದು 2021ರ ಸಂಹಿತೆಯಿಂದ ತಾನೇ ಒಂದು ಉಲ್ಲಂಘನೆ. ಹಾಗೆ ಮಾಡುವವರು ಕೋಚ್ ಆಗಿರಲಿ, ಸಂಘದ ಪದಾಧಿಕಾರಿಯಾಗಿರಲಿ, ಶಿಕ್ಷೆ ಅವರಿಗೂ ಅನ್ವಯಿಸುತ್ತದೆ.